ಮಕ್ಕಳು ಲಾಗಿನ್ ಆಗೋ ಲ್ಯಾಬ್ ಸರ್ವರ್‌ನಲ್ಲಿ ಹಳೇ ಕರ್ನಲ್ ಇದ್ದರೆ ನಡೆಯುತ್ತಾ?

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ಒಂದು ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತೇನೆ. ಉಬುಂಟು ಲಿನಕ್ಸ್ 14.04 ಸರ್ವರ್, ಕರ್ನಲ್ (ಸಿಸ್ಟಮ್‌ನ ತಿರುಳು, ಮೆಮೊರಿ ಫೈಲ್ ಎಲ್ಲಾ ನೋಡಿಕೊಳ್ಳೋದು) 3.13. ಹಾಕಿದ ಮೇಲೆ ಅಪ್‌ಡೇಟ್ ಮಾಡಿಲ್ಲ. ಮಕ್ಕಳೆಲ್ಲ ಅದರಲ್ಲೇ ಸಿ ಪ್ರೋಗ್ರಾಂ ಬರೆಯುತ್ತಾರೆ. ಹೊರಗಿನವರಿಗೆ ಸಿಗೋದಿಲ್ಲ, ರೂಟ್ (ಎಲ್ಲಾ ಅಧಿಕಾರ ಇರೋ ಅಕೌಂಟ್) ಪಾಸ್‌ವರ್ಡ್ ನನ್ನೊಬ್ಬನಿಗೇ ಗೊತ್ತು. ಹಾಗೇ ಬಿಡಬಹುದಾ?

ಉತ್ತರ: ದಯವಿಟ್ಟು ಬಿಡಬೇಡಿ ಸರ್. ಕರ್ನಲ್‌ನಲ್ಲಿ ಮೆಮೊರಿ ನೋಡಿಕೊಳ್ಳೋ ಭಾಗದಲ್ಲೇ ತೂತಿದ್ದರೆ ರೂಟ್ ಪಾಸ್‌ವರ್ಡ್ ಯಾರಿಗೂ ಬೇಕಾಗಲ್ಲ, ಮಾಮೂಲಿ ಲಾಗಿನ್ ಸಾಕು. ಡರ್ಟಿ ಕೌ ಅಂತ ಕೇಳಿರಬಹುದು, ಅದು ಅಂಥದ್ದೇ ಒಂದು ತೂತು; ಓದೋಕೆ ಮಾತ್ರ ಪರ್ಮಿಶನ್ ಇರೋ ಫೈಲನ್ನೂ ಅದರಿಂದ ಬದಲಾಯಿಸಬಹುದು. 2007ರ 2.6.22 ಕರ್ನಲ್‌ನಿಂದಲೂ ಒಳಗೇ ಇತ್ತು, ಸರಿಯಾಗಿದ್ದು 2016ರ ಅಕ್ಟೋಬರ್‌ನಲ್ಲಿ. ನಿಮ್ಮ 3.13 ಅದರ ಮಧ್ಯೆಯೇ ಬರುತ್ತೆ.

ಪ್ರಶ್ನೆ: ಓದೋಕೆ ಮಾತ್ರ ಪರ್ಮಿಶನ್ ಇರೋ ಫೈಲನ್ನ ಮಕ್ಕಳು ಹೇಗೆ ಬದಲಾಯಿಸ್ತಾರೆ ಸರ್?

ಉತ್ತರ: ಪಹಣಿಯ ಜೆರಾಕ್ಸ್ ಮೇಲೆ ಏನು ಗೀಚಿದರೂ ಅಸಲಿಗೆ ಏನೂ ಆಗಲ್ಲ, ಅಲ್ವಾ? ಕರ್ನಲ್ ಮಾಡೋದೂ ಅದನ್ನೇ. ಅಂಥ ಫೈಲನ್ನ ಪ್ರೋಗ್ರಾಂ ತನ್ನ ಮೆಮೊರಿಗೆ ಪ್ರೈವೇಟ್ ಆಗಿ ಮ್ಯಾಪ್ ಮಾಡಿಕೊಂಡು ಬರೆಯೋಕೆ ಹೋದರೆ, ಕರ್ನಲ್ ಆ ಪುಟದ (ಮೆಮೊರಿಯ ಒಂದು ತುಂಡು) ಪ್ರತಿ ತೆಗೆದು ಅದರ ಮೇಲೆ ಬರೆಸುತ್ತೆ. ತೂತು ಇದ್ದದ್ದು ಇಲ್ಲಿ: ಪ್ರತಿ ಸಿದ್ಧವಾದ ಕೂಡಲೇ, ಇನ್ನು ಬರೆಯೋಕೆ ಅನುಮತಿ ಇದೆಯಾ ಅಂತ ನೋಡೋದು ಬೇಡ ಅಂದುಕೊಂಡು ಕರ್ನಲ್ "ಇದು ಬರೆಯೋ ಕೆಲಸ" ಅನ್ನೋ ಗುರುತನ್ನ ತೆಗೆದುಬಿಡುತ್ತಿತ್ತು. ಅದೇ ಗಳಿಗೆಯಲ್ಲಿ ಅದೇ ಪ್ರೋಗ್ರಾಂನ ಇನ್ನೊಂದು ಥ್ರೆಡ್ (ಜೊತೆಜೊತೆಗೆ ಓಡೋ ಭಾಗ) "ಈ ಪುಟ ನನಗೆ ಬೇಡ" ಅಂತ ಎಮ್-ಅಡ್ವೈಸ್ ಕರೆ ಮಾಡಿದರೆ ಪ್ರತಿ ಹೋಗುತ್ತೆ. ಕರ್ನಲ್ ಮತ್ತೆ ಹುಡುಕಿದಾಗ ಸಿಗೋದು ಅಸಲು ಪುಟ, ಅದರ ಮೇಲೇ ಬರೆದುಬಿಡುತ್ತೆ. ಒಂದೇ ಸಲಕ್ಕೆ ಗಳಿಗೆ ಕೂಡಿಬರಲ್ಲ, ಆದರೆ ಎರಡು ಥ್ರೆಡ್‌ಗಳನ್ನ ಲೂಪ್‌ನಲ್ಲಿ ಓಡಿಸುತ್ತಾ ಇದ್ದರೆ ಯಾವಾಗಲೋ ಕೂಡಿಬರುತ್ತೆ. ಆ ಫೈಲ್ ಯೂಸರ್‌ಗಳ ಪಟ್ಟಿಯದ್ದೇ ಆಗಿದ್ದರೆ ರೂಟ್ ಆಗೋದು ಕಷ್ಟವಲ್ಲ. ಫೈರ್‌ವಾಲ್ ಇದನ್ನ ತಡೆಯಲ್ಲ, ಎಲ್ಲಾ ಒಳಗೇ ನಡೆಯುತ್ತಲ್ಲ.

ಪ್ರಶ್ನೆ (ಇನ್ನೊಬ್ಬರು): ನಮ್ಮದು ಕರ್ನಲ್ 5.15 ಸರ್. ನಮಗೆ ಚಿಂತೆ ಇಲ್ಲ ತಾನೇ?

ಉತ್ತರ: ನಂಬರ್ ನೋಡಿ ಸುಮ್ನೆ ಕೂರಬೇಡಿ ಮೇಡಂ. ಇದೇ ಥರದ ಇನ್ನೊಂದು ತೂತು, 2022ರ ಡರ್ಟಿ ಪೈಪ್, ಇದ್ದದ್ದು 5.8ರಿಂದ ಮುಂದಿನ ಕರ್ನಲ್‌ಗಳಲ್ಲೇ, 5.15ರ ಸಾಲಿನಲ್ಲಿ ಸರಿಯಾಗಿದ್ದು 5.15.25ರಲ್ಲಿ. ಉಬುಂಟು, ಡೆಬಿಯನ್‌ನವರು ಹಳೇ ನಂಬರ್‌ನಲ್ಲೇ ತೇಪೆ ಹಾಕಿರುತ್ತಾರೆ, ಹಾಗಾಗಿ ಅವರ ಸೆಕ್ಯುರಿಟಿ ನೋಟಿಸ್ ಜೊತೆ ನಿಮ್ಮ ಪ್ಯಾಕೇಜ್‌ನ ಪೂರ್ತಿ ನಂಬರ್ ಹೋಲಿಸಿ. ಅಪ್‌ಡೇಟ್ ಆದಮೇಲೆ ರೀಬೂಟ್ ಮಾಡಲೇಬೇಕು, ಇಲ್ಲದಿದ್ದರೆ ಹಳೇ ಕರ್ನಲ್ಲೇ ಓಡುತ್ತಿರುತ್ತೆ.

ಲ್ಯಾಬ್‌ನ ಸರ್‌ಗೆ: 14.04ರ ಮಾಮೂಲಿ ಸಪೋರ್ಟ್ 2019ಕ್ಕೇ ಮುಗಿದಿದೆ. ಮಕ್ಕಳ ಫೈಲ್ ಬ್ಯಾಕಪ್ ತೆಗೆದು, ಡಿಸ್ಕ್ ಅಳಿಸಿ ಹೊಸ ಆವೃತ್ತಿಯನ್ನೇ ಹಾಕಿ. ಇಷ್ಟು ದಿನದಲ್ಲಿ ಯಾರಾದರೂ ರೂಟ್ ಆಗಿದ್ದರೆ ಈಗ ಕಂಡುಹಿಡಿಯೋದು ಕಷ್ಟ, ಅದಕ್ಕೆ ಪಾಸ್‌ವರ್ಡ್‌ಗಳನ್ನೂ ಹೊಸದಾಗಿ ಕೊಡಿ.