ಕೆಂಪು ನೆಲದ ಹಜಾರಕ್ಕೆ ಯಾವ ಬಣ್ಣ? ಹೊಡೆಸಿದವರು ಹೇಳಿ

ಶಿರಸಿ ಕಡೆಯವಳು: ಅಪ್ಪನ ಕಾಲದ ಮನೆ. ಹಜಾರದ್ದು ಕೆಂಪು ಗಾರೆ ನೆಲ, ಹಲಸಿನ ಬಾಗಿಲು, ಚಿರೆಕಲ್ಲಿನ (ಜಂಬಿಟ್ಟಿಗೆ) ಗೋಡೆಗೆ ಹಳೆಯ ಸುಣ್ಣ. ಕಿಟಕಿ ಉತ್ತರಕ್ಕೆ ಮಾತ್ರ. ಬೆಂಗಳೂರಿನಲ್ಲಿರುವ ಮಗ ಬೂದು, ಬಿಳಿ, ಸಾಸಿವೆ ಹಳದಿಯ ಜೋಡಣೆಯೊಂದನ್ನು ಕಳುಹಿಸಿದ್ದಾನೆ. ಯಜಮಾನರಿಗೆ ಕೆನೆ ಬಣ್ಣವೇ ಆಗಬೇಕು. ದೀಪಾವಳಿಯೊಳಗೆ ಮುಗಿಸಬೇಕು. ಏನು ಮಾಡಲಿ?

ಪುತ್ತೂರಿನವನು: ಬೂದು ಮಾತ್ರ ಬೇಡ ಅಕ್ಕಾ. ನಮ್ಮ ಮನೆಗೆ ತಿಳಿ ಬೂದು ಹೊಡೆಸಿದೆವು. ಪುಟ್ಟಿ, ಪ್ರೈಮರ್, ಎರಡು ಕೋಟ್ ಎಮಲ್ಷನ್ (ನೀರಿನಲ್ಲಿ ಕಲಸುವ ಪ್ಲಾಸ್ಟಿಕ್ ಬಣ್ಣ) ಸೇರಿ ಚದರಡಿಗೆ 24 ರೂಪಾಯಿ ಎಂದು ಮಾತಾಗಿತ್ತು. ಅಳೆಯುವಾಗ ಮೇಸ್ತ್ರಿ ಕಿಟಕಿ, ಬಾಗಿಲುಗಳನ್ನೂ ಗೋಡೆಯ ಲೆಕ್ಕಕ್ಕೇ ಹಿಡಿದ. 3,400 ಚದರಡಿಗೆ 81,600. ಕಪಾಟು ಸರಿಸಿದವರಿಗೆ 2,500, ಪ್ಲಾಸ್ಟಿಕ್ ಹಾಳೆ ಮತ್ತು ಟೇಪಿಗೆ 1,150. ಜೂನ್ ಬಂತು. ಆಕಾಶವೂ ಬೂದು, ಗೋಡೆಯೂ ಬೂದು. ಬಿಳಿ ಟ್ಯೂಬ್‌ಲೈಟ್ ಹಾಕಿದರೆ ನೀಲಿ ಛಾಯೆ ಬೇರೆ. ನಾಗರಪಂಚಮಿಗೆ ಬಂದ ಅತ್ತೆ, ‘ಗಾರೆ ಚೆನ್ನಾಗಿ ಆಗಿದೆ, ಬಣ್ಣ ಯಾವಾಗ ಹೊಡೆಸುತ್ತೀರಿ?’ ಎಂದು ಕೇಳಿದರು. 85,250 ರೂಪಾಯಿ ಎಣಿಸಿಕೊಟ್ಟವನಿಗೆ ಹೇಗಾಗಿರಬೇಡ!

ಜಯನಗರದಿಂದ: ಅದು ಬಣ್ಣದ ತಪ್ಪಲ್ಲ ಸರ್, ದೀಪದ್ದು. 6500 ಕೆಲ್ವಿನ್‌ ನೀಲಿ-ಬಿಳಿ ಬೆಳಕಿನ ಟ್ಯೂಬ್ ಕೆಳಗೆ ಬೂದು ನೀಲಿಗೆ ತಿರುಗದೆ ಇನ್ನೇನಾದೀತು? 3000 ಕೆಲ್ವಿನ್‌ನ ಹಳದಿ ಬೆಳಕಿನ ಬಲ್ಬ್ ಹಾಕಿ ನೋಡಿ. ನಮ್ಮ ಹಾಲ್‌ನ ಒಂದು ಗೋಡೆ ಕಡು ಹಸಿರು. ಮನೆಮಂದಿಯೆಲ್ಲ ಬೇಡವೆಂದಿದ್ದರು; ಈಗ ಬಂದವರೆಲ್ಲ ಅದರ ಮುಂದೆಯೇ ಫೋಟೊ ತೆಗೆಸಿಕೊಳ್ಳುತ್ತಾರೆ. ಖರ್ಚು ಜಾಸ್ತಿ, ನಿಜ. ಕಡು ಬಣ್ಣ ಬೆರೆಸುವ ಮೂಲ ಬಣ್ಣದಲ್ಲಿ (ಬೇಸ್) ಬಿಳಿ ಅಂಶ ಕಡಿಮೆ, ಹಿಂದಿನ ಬಣ್ಣವನ್ನು ಬೇಗ ಮುಚ್ಚುವುದಿಲ್ಲ. ಎರಡು ಕೋಟ್ ಆದರೂ ಹಿಂದಿನ ಹಳದಿ ಇಣುಕುತ್ತಿತ್ತು, ನಾಲ್ಕು ಬೇಕಾಯಿತು. ಕೊನೆಗೆ ಸಾಲದೆ ಮತ್ತೊಂದು ಲೀಟರ್ ತರಿಸಿದೆವು: ಅದೇ ಅಂಗಡಿ, ಅದೇ ಶೇಡ್ ಸಂಖ್ಯೆ, ಕೂದಲೆಳೆಯಷ್ಟು ಬೇರೆ ಹಸಿರು! ಬೆರೆಸಿದ ಡಬ್ಬಿಯನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ. ಸ್ವಿಚ್‌ಬೋರ್ಡಿನ ಬಲಕ್ಕೆ ಆ ತೇಪೆ ಈಗಲೂ ಇದೆ, ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಎದ್ದು ಕಾಣುತ್ತದೆ.

ಪುತ್ತೂರಿನವನು: ಮೇಡಂ, ನಮ್ಮಲ್ಲಿ ಮಳೆಗಾಲವಿಡೀ ಹಗಲಲ್ಲೂ ದೀಪ ಉರಿಯಬೇಕು. ಹಳದಿ ಬೆಳಕಿನಲ್ಲಿ ಮಕ್ಕಳು ಓದಿಕೊಳ್ಳುವುದು ಹೇಗೆ? ಫೋಟೊ ಗೋಡೆ ನಿಮಗೇ ಇರಲಿ.

ಹಾಸನದ ಗುತ್ತಿಗೆದಾರ: ಪುತ್ತೂರಿನ ರಾಯರೇ, ಕಿಟಕಿಯ ಜಾಗ ಕಳೆಯದೆ ಅಳೆಯುವುದು ಹಲವು ಕಡೆ ಇರುವ ಪದ್ಧತಿ. ಆ ಚೌಕಟ್ಟಿನ ಅಂಚು ಬಿಡಿಸಲು ಎಷ್ಟು ಹೊತ್ತು ಹೋಗುತ್ತದೆಂದು ಒಮ್ಮೆ ಬ್ರಷ್ ಹಿಡಿದು ನೋಡಿ. ಹೋದ ವರ್ಷ ಒಬ್ಬರು ಹೊಸ ಗಾರೆ ಆರುವ ಮೊದಲೇ ಗೃಹಪ್ರವೇಶಕ್ಕೆ ಮುಹೂರ್ತ ಇಡಿಸಿದರು. ಸಿಮೆಂಟಿನ ಕ್ಷಾರ ಇಳಿಯಲು ಕನಿಷ್ಠ 28 ದಿನವಾದರೂ ಬಿಡಿ ಎಂದೆ, ಕೇಳಲಿಲ್ಲ. ಆರು ತಿಂಗಳಿಗೆ ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಹೂಬಿಟ್ಟಿತು. ಬಾಕಿ 18,000 ಇನ್ನೂ ಬಂದಿಲ್ಲ. ಫೋನ್ ಎತ್ತುವುದಿಲ್ಲ.

ಕುಮಟಾದವನು: ಚಿರೆಕಲ್ಲಿಗೆ ಪ್ಲಾಸ್ಟಿಕ್ ಬಣ್ಣ ಬಳಿಯುವ ಮಾತೇ ಬೇಡ. ನನ್ನಣ್ಣ ಹಟ ಹಿಡಿದು ತನ್ನ ಪಾಲಿನ ಕೋಣೆಗೆ ಹೊಳಪಿನ ಎಮಲ್ಷನ್ ಹೊಡೆಸಿದ. ಕಲ್ಲು ಕುಡಿದ ನೀರಿಗೆ ಹೊರಹೋಗಲು ದಾರಿಯಿಲ್ಲ. ಎರಡನೆಯ ಮಳೆಗಾಲಕ್ಕೆ ಬಣ್ಣ ಹಪ್ಪಳದಂತೆ ಉಬ್ಬಿತು. ಉಗುರು ತಾಗಿಸಿದರೆ ಅಂಗೈ ಅಗಲದ ಹಾಳೆಯೇ ಕಳಚಿ ಬಂತು, ಹಿಂಬದಿಗೆ ಒದ್ದೆ ಸುಣ್ಣ. ನನ್ನ ಪಾಲಿಗೆ ಸುಣ್ಣವನ್ನೇ ಬಳಿದೆ, ಬುಡಕ್ಕೆ ಮೂರಡಿ ಕಾವಿ. ಕರಾವಳಿಯ ಹಳೆಯ ದೇವಸ್ಥಾನಗಳ ಕಾವಿ ಕಲೆಯಲ್ಲಿ ಇರುವುದೂ ಇವೆರಡೇ: ಸುಣ್ಣದ ಬಿಳಿ, ಕೆಮ್ಮಣ್ಣಿನ ಕೆಂಪು. ಜೋಡಣೆ ಹುಡುಕಲು ಮೊಬೈಲ್ ಬೇಕೇ?

ಜಯನಗರದಿಂದ: ಸುಣ್ಣದ ಗೋಡೆಗೆ ಒರಗಿದರೆ ಬೆನ್ನೆಲ್ಲ ಬಿಳಿ. ವರ್ಷವರ್ಷವೂ ಬಳಿಯುವವರು ಯಾರು? ನೀವೋ, ಮನೆಯ ಹೆಂಗಸರೋ?

ಕುಮಟಾದವನು: ನಾನೇ ತಾಯೀ. ಗೋಂದು ಬೆರೆಸಿದ ಸುಣ್ಣ ಬೆನ್ನಿಗೆ ಹತ್ತುವುದಿಲ್ಲ, ಅದು ಬಳಿದವರಿಗೆ ಗೊತ್ತು.

ದಾವಣಗೆರೆಯಿಂದ: ಬಣ್ಣ ಯಾವುದಾದರೂ ಆಗಲಿ, ಹಳೆಯ ಎಣ್ಣೆ ಬಣ್ಣವನ್ನು ಒಣಗಿದ್ದಾಗ ಉಜ್ಜಿಸಬೇಡಿ. ಅದರಲ್ಲಿ ವಿಷಕಾರಿ ಸೀಸ ಇರಬಹುದು; ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ನಮ್ಮಲ್ಲಿ ಕೆಲಸದವರು ಉಪ್ಪು ಕಾಗದ ಹಿಡಿದು ಹಳೆಯ ಬಾಗಿಲನ್ನು ಉಜ್ಜಿದರು. ಹಳದಿ ಧೂಳು ಮೊಮ್ಮಗುವಿನ ತೊಟ್ಟಿಲವರೆಗೆ ಬಂತು. ರಕ್ತ ಪರೀಕ್ಷೆಯ ವರದಿ ಬರುವವರೆಗೆ ಯಾರೂ ಸರಿಯಾಗಿ ಮಲಗಲಿಲ್ಲ.

ಹಾಸನದ ಗುತ್ತಿಗೆದಾರ: ನೀರು ಹಾಕಿ ಉಜ್ಜಿದರೆ ಕೂಲಿ ಹೆಚ್ಚು. ಅದನ್ನು ಹೇಳಿದ ಕೂಡಲೇ ‘ಬೇರೆಯವರು ಕಡಿಮೆಗೆ ಮಾಡುತ್ತಾರೆ’ ಎನ್ನುತ್ತೀರಿ.

ದಾವಣಗೆರೆಯಿಂದ: ಮಗುವಿನ ವಿಷಯ ಹೇಳಿದರೆ ಕೂಲಿಯ ವಿಷಯ ತೆಗೆಯುತ್ತೀರಲ್ಲ!

ತೀರ್ಥಹಳ್ಳಿಯಿಂದ: ನಮ್ಮದೂ ಕೆಂಪು ನೆಲ. ಗೋಡೆಗೆ ಬಿಳಿ ಹೊಡೆಸಿದರೆ ಮಧ್ಯಾಹ್ನ ಬುಡದ ಎರಡಡಿ ಗುಲಾಬಿ! ಡಬ್ಬಿಯೇ ಬೇರೆ ಎಂದು ನಮ್ಮವರು ಪೇಂಟರ್ ಮೇಲೆ ಹರಿಹಾಯ್ದರು. ಪಾಪ, ಆ ಹುಡುಗ ಮಾತಾಡದೆ ಬಿಳಿ ಪಂಚೆಯೊಂದನ್ನು ನೆಲಕ್ಕೆ ಹಾಸಿದ, ಗುಲಾಬಿ ಮಾಯ. ನೆಲದ ಬೆಳಕು ಗೋಡೆಗೆ ಬಡಿಯುತ್ತಿತ್ತು, ಅಷ್ಟೇ. ತುಸು ಹಸಿರು ಬೆರೆತ ಬಿಳಿಗೆ ಬದಲಿಸಿದೆವು, ಇನ್ನೂ 9,300 ಹೋಯಿತು. ನೆಲಕ್ಕೆ ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಒರೆಸುತ್ತೇನೆ.

ಕುಮಟಾದವನು: ಕೊಬ್ಬರಿ ಎಣ್ಣೆಯೇ? ಧೂಳು ಹಿಡಿದು ನೆಲ ಕಪ್ಪಾಗುತ್ತದೆ. ಮೇಣದ ಪಾಲಿಶ್ ಹಾಕಬೇಕು.

ತೀರ್ಥಹಳ್ಳಿಯಿಂದ: ನಮ್ಮತ್ತೆಯವರ ಕಾಲದಿಂದ ಹಾಕುತ್ತಿದ್ದೇವೆ, ಕಪ್ಪಾಗಿಲ್ಲ. ನಿಮ್ಮ ಮೇಣದ ಮೇಲೆ ವಯಸ್ಸಾದವರು ಜಾರಿ ಬಿದ್ದರೆ?

ಶಿರಸಿ ಕಡೆಯವಳು: ಎಲ್ಲರಿಗೂ ವಂದನೆ. ನಾನು ಇಲ್ಲಿ ಓದುತ್ತಿರುವಾಗಲೇ ಯಜಮಾನರು ಪೇಟೆಗೆ ಹೋಗಿ ಹತ್ತು ಲೀಟರ್ ಕೆನೆ ಬಣ್ಣ ತಂದಿದ್ದಾರೆ. ಎಮಲ್ಷನ್ನೇ.

ಕುಮಟಾದವನು: ಚಿರೆಕಲ್ಲಿಗೆ!

ಪುತ್ತೂರಿನವನು: ಬಿಲ್ ಎಷ್ಟಾಯಿತು ಅಕ್ಕಾ? ಜಿಎಸ್‌ಟಿ ಸೇರಿಯೋ, ಬಿಟ್ಟೋ?