ಸುಣ್ಣಕ್ಕೆ ಕಲಸಿದ ಕಡುನೀಲಿ ಕಂದಾಗ್ತಿದೆ, ಏನು ಮಾಡೋದು?

ಕೇಳಿದವರು, ಸೋಮವಾರಪೇಟೆ:
ಹುತ್ತರಿಗೆ ಮುಂಚೆ ಮುಗಿಸೋಣ ಅಂತ ಹಳೆ ಮನೆ ಜಗಲಿಯ ಗೋಡೆಗೆ ಸುಣ್ಣದಲ್ಲಿ ಕಡುನೀಲಿ ಪುಡಿ ಕಲಸಿ ಬಳಿಸಿದೆವು. ಡಬ್ಬಿ ಮೇಲೆ ‘ಪ್ರಷ್ಯನ್ ಬ್ಲೂ’ ಅಂತಿದೆ. ಈಗ ಅಲ್ಲಲ್ಲಿ ತುಕ್ಕು ನೀರು ಇಳಿದ ಹಾಗೆ ಕಂದು ಕಲೆ. ಥಂಡಿಗೆ ಹೀಗಾಯ್ತಾ? ಅದರಲ್ಲಿ ಸಯನೈಡ್ ಇದೆ ಅಂತ ಪಕ್ಕದ ಮನೆಯವರು ಬೇರೆ ಹೆದರಿಸಿದ್ದಾರೆ. ಮನೇಲಿ ಮಕ್ಕಳಿದ್ದಾರೆ.

ವಿರಾಜಪೇಟೆಯಿಂದ:
ಥಂಡಿ ಅಲ್ಲ ಅಕ್ಕಾ, ಸುಣ್ಣವೇ ಅದನ್ನ ತಿಂದಿದ್ದು. ಗೋಡೆಗೆ ನಮ್ಮಪ್ಪ ಹಾಕಿಸ್ತಿದ್ದದ್ದು ಬಟ್ಟೆಗೆ ಹಾಕೋ ನೀಲಿ ಪುಡಿ. ಬಟ್ಟೆಯಲ್ಲಿ ಕಟ್ಟಿ ನೀರಲ್ಲಿ ಹಿಂಡಿ, ಆ ನೀರನ್ನ ಸೋಸಿ ಸುಣ್ಣಕ್ಕೆ. ಗಂಟು ಉಳಿದರೆ ಕುಂಚ ಎಳೆದಲ್ಲೆಲ್ಲ ಗೀರು ಬೀಳುತ್ತೆ. ಬಾಟಲಿಯಲ್ಲಿ ಬರೋ ನೀಲಿ ಬೇಡ, ಬಿಸಿಲಿಗೆ ಹಾರಿಹೋಗುತ್ತೆ.

ಮಡಿಕೇರಿಯಿಂದ (ಕೆಮಿಸ್ಟ್ರಿ ಪಾಠ ಮಾಡ್ತೀನಿ, ಸ್ವಲ್ಪ ಉದ್ದ ಆಗುತ್ತೆ):
ಇವೆರಡೂ ಬೇರೆ ಬೇರೆ ನೀಲಿ. ಪ್ರಷ್ಯನ್ ಬ್ಲೂ 1700ರ ದಶಕದ ಶುರುವಿನಲ್ಲಿ ಬರ್ಲಿನ್‌ನಲ್ಲಿ ಆಕಸ್ಮಿಕವಾಗಿ ಸಿಕ್ಕಿದ್ದು. ಕಬ್ಬಿಣ ಮತ್ತು ಸಯನೈಡ್ ಸೇರಿದ ಸಂಯುಕ್ತ. ಸುಣ್ಣದಂಥ ಕ್ಷಾರ ತಾಗಿದರೆ ಒಡೆದು, ಕಬ್ಬಿಣದ ಕಂದು ಉಳಿಯುತ್ತೆ. ನೀವು ನೋಡ್ತಿರೋದು ಅದೇ. ಬಟ್ಟೆಯ ನೀಲಿ ಪುಡಿ ಸಾಮಾನ್ಯವಾಗಿ ಅಲ್ಟ್ರಾಮರೀನ್. ಒಂದು ಕಾಲಕ್ಕೆ ಅಫ್ಘಾನಿಸ್ತಾನದ ಬದಖ್‌ಶಾನಿನ ಕಲ್ಲು ಅರೆದು ಮಾಡ್ತಿದ್ದರು, ಬೆಲೆ ಬಂಗಾರದ್ದು. 1820ರ ದಶಕದಿಂದ ಬಿಳಿ ಜೇಡಿ, ಸೋಡಾ, ಗಂಧಕ ಕಾಯಿಸಿ ತಯಾರಿಸೋದು ಬಂತು. ಅದರ ನೀಲಿಯೆಲ್ಲ ಒಳಗೆ ಸಿಕ್ಕಿಕೊಂಡ ಗಂಧಕದ್ದು. ಸುಣ್ಣಕ್ಕೆ ಜಗ್ಗಲ್ಲ, ಹುಳಿಗೆ ಸೋಲುತ್ತೆ.

ಸಯನೈಡ್ ಅಂತ ಗಾಬರಿ ಬೇಡ, ಕಬ್ಬಿಣ ಅದನ್ನ ಗಟ್ಟಿಯಾಗಿ ಹಿಡಿದಿರುತ್ತೆ. ಥಾಲಿಯಂ ವಿಷ ಏರಿದವರಿಗೆ ಇದನ್ನೇ ಔಷಧಿಯಾಗಿ ಕೊಡ್ತಾರೆ. ಆದರೆ ಬಾತ್‌ರೂಮ್ ತೊಳೆಯೋ ಆಸಿಡ್ ಸುರಿದು ಕಲೆ ತೆಗೆಯೋಕೆ ಹೋಗ್ಬೇಡಿ, ಪುಡಿಯನ್ನ ಒಲೆಗೂ ಹಾಕ್ಬೇಡಿ. ಆಗ ವಿಷದ ಗಾಳಿ ಬರಬಹುದು.

ನಾಪೋಕ್ಲಿನಿಂದ:
ಹುಳಿ ಅಂದ್ರೆ ಕಾಚಂಪುಳಿನೂ (ನಮ್ಮ ಕೊಡಗಿನ ಕರಿ ಹುಳಿರಸ) ಆಗುತ್ತಾ ಸಾರ್? 😄

ಮಡಿಕೇರಿಯಿಂದ:
ಆಗುತ್ತೆ, ಆದ್ರೆ ಅದರ ಕರಿ ಬಣ್ಣದಲ್ಲಿ ಏನೂ ಕಾಣಲ್ಲ, ಪಂದಿ ಕರಿಗೇ ಇಟ್ಕೊಳ್ಳಿ. ಡಬ್ಬಿ ಮೇಲೆ ಹೆಸರಿಲ್ಲದಿದ್ರೆ ಸುಣ್ಣದ ತಿಳಿಯಲ್ಲಿ ಚಿಟಿಕೆ ಪುಡಿ ಕಲಸಿ ರಾತ್ರಿ ಇಡಿ. ಬೆಳಿಗ್ಗೆ ಕಂದಾಗಿದ್ರೆ ಪ್ರಷ್ಯನ್.

ವಿರಾಜಪೇಟೆಯಿಂದ:
ಅಕ್ಕಾ, ಈಗಿನದನ್ನ ಒದ್ದೆ ಮಾಡಿ ಕೆರೆಸಿ, ಎರಡು ಕೋಟ್ ಬಿಳಿ ಸುಣ್ಣ ಹೊಡೆಸಿ, ಆಮೇಲೆ ನೀಲಿ. ಸುಣ್ಣದಲ್ಲಿ ಕಡುನೀಲಿ ಬರಲ್ಲ, ಆಕಾಶ ನೀಲಿವರೆಗೆ ಅಷ್ಟೆ. ಪುಡಿ ಜಾಸ್ತಿ ಮಾಡಿದ್ರೆ ಒರಗಿದವರ ಅಂಗಿಗೆ ಹತ್ತುತ್ತೆ. ಕಡುನೀಲಿಯೇ ಬೇಕಂದ್ರೆ ಡಬ್ಬಿಯಲ್ಲಿ ಉಳಿದದ್ದನ್ನ ಅಗಸೆ ಎಣ್ಣೆಯಲ್ಲಿ ಅರೆಸಿ ಕಿಟಕಿ ಬಾಗಿಲಿಗೆ ಹೊಡೆಸಿ, ಮರದ ಮೇಲೆ ಚೆನ್ನಾಗಿ ನಿಲ್ಲುತ್ತೆ.