ಸಹಾಯ ಬೇಕು: ಸಿಲೋನಿನಿಂದ (ಈಗಿನ ಶ್ರೀಲಂಕಾ) ಸುಳ್ಯ, ಪುತ್ತೂರಿಗೆ ಬಂದ ಹಿರಿಯರು ಗೊತ್ತಿದ್ದರೆ ತಿಳಿಸಿ

ಎಲ್ಲರಿಗೂ ನಮಸ್ಕಾರ. ಈಗ ಮಂಗಳೂರಿನಲ್ಲಿದ್ದೇನೆ, ಆದರೆ ನಾನು ಹುಟ್ಟಿದ್ದು ಶ್ರೀಲಂಕಾದ ಹ್ಯಾಟನ್ ಹತ್ತಿರದ ಟೀ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ. ಐದು ವರ್ಷದವಳಿದ್ದಾಗ ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದು, ಅಲ್ಲಿಂದ ಸುಳ್ಯದ ರಬ್ಬರ್ ತೋಟಕ್ಕೆ ಬಂದೆವು. ಯಾಕೆ ಬಂದೆವು ಅಂತ ಅಪ್ಪ ಒಂದು ದಿನವೂ ಹೇಳಲಿಲ್ಲ. ಅವರು ತೀರಿಕೊಂಡ ಮೇಲೆ ನಾನೇ ಹುಡುಕಿ ಓದುತ್ತಿದ್ದೇನೆ.

ಸಿಲೋನಿನ 1948ರ ಪೌರತ್ವ ಕಾನೂನಿನಿಂದ ಭಾರತ ಮೂಲದ ತೋಟದ ತಮಿಳರಲ್ಲಿ ಹೆಚ್ಚಿನವರು ಯಾವ ದೇಶಕ್ಕೂ ಸೇರದವರಾದರು. 1964ರಲ್ಲಿ ಭಾರತದ ಪ್ರಧಾನಿ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೋ ಒಪ್ಪಂದ ಮಾಡಿಕೊಂಡು 5,25,000 ಜನ ಭಾರತಕ್ಕೆ, 3,00,000 ಜನ ಅಲ್ಲಿಗೇ ಅಂತ ಲೆಕ್ಕ ಹಾಕಿದರು, ಉಳಿದ 1,50,000 ಜನರನ್ನು 1974ರಲ್ಲಿ ಎರಡೂ ದೇಶಗಳು ಅರ್ಧರ್ಧ ಹಂಚಿಕೊಂಡವು. ಬದುಕು ಹಂಚಿಹೋದವರನ್ನು ಯಾರೂ ಕೇಳಲಿಲ್ಲ ಅಲ್ವಾ? ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪುಸ್ತಕದಲ್ಲಿ ಒಪ್ಪಂದ ಸಿಗುತ್ತದೆ, ಹಡಗಿನಲ್ಲಿದ್ದವರ ಮಾತು ಸಿಗುವುದಿಲ್ಲ. ಹಾಗೆ ಬಂದ ಅಜ್ಜ ಅಜ್ಜಿಯರು ನಿಮಗೆ ಗೊತ್ತಿದ್ದರೆ ದಯವಿಟ್ಟು ಹೇಳಿ, ನಾನೇ ಬಂದು ಕೂತು ಕೇಳುತ್ತೇನೆ. ಇನ್ನೊಂದು, ಅಪ್ಪನ ಪೆಟ್ಟಿಗೆಯಲ್ಲಿ ತಮಿಳು ಪತ್ರಗಳಿವೆ. ನನಗೆ ತಮಿಳು ಮಾತು ಬರುತ್ತದೆ, ಓದಲು ಬರುವುದಿಲ್ಲ. ಹಳೆಯ ಕೈಬರಹ ಓದಬಲ್ಲವರು ಮಂಗಳೂರು, ಉಡುಪಿ ಕಡೆ ಯಾರಾದರೂ ಇದ್ದೀರಾ? ಭಾನುವಾರ ಎಲ್ಲಿಗೆ ಬೇಕಾದರೂ ಬರುತ್ತೇನೆ.